ಇಂಪ್ರೂವ್ ಬರೆಯಲೋ, ಎನ್‌ಹ್ಯಾನ್ಸ್ ಬರೆಯಲೋ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಕೊನೇ ವರ್ಷದ ಬಿ.ಕಾಂ. ವಿದ್ಯಾರ್ಥಿನಿ. ರೆಸ್ಯೂಮೆಯಲ್ಲಿ ‘ಇಂಪ್ರೂವ್’ ಅಂತ ಬರೆದರೆ ತೀರಾ ಸಾದಾ ಅನ್ಸುತ್ತೆ. ಎಲ್ಲಾ ಕಡೆ ‘ಎನ್‌ಹ್ಯಾನ್ಸ್’ ಹಾಕಬಹುದಾ ಸರ್?

ಉತ್ತರ: ಬೇಡ. ಇವೆರಡೂ ಒಂದೇ ಅಲ್ಲ. ಬೆಣ್ಣೆ ದೋಸೆಯನ್ನೇ ತೊಗೊಳ್ಳಿ. ಹಿಟ್ಟು ಸರಿಯಾಗಿ ಹುದುಗು ಬಂದಿಲ್ಲ, ದೋಸೆ ಗರಿಯಾಗಿ ಏಳ್ತಿಲ್ಲ. ಅದನ್ನು ಸರಿಮಾಡಿದರೆ ದೋಸೆಯನ್ನು ಇಂಪ್ರೂವ್ ಮಾಡಿದಂತೆ. ದೋಸೆ ಆಗಲೇ ಚೆನ್ನಾಗಿದೆ, ಮೇಲೊಂದು ಮುದ್ದೆ ಬೆಣ್ಣೆ ಇಟ್ಟಿರಿ. ಆ ಬೆಣ್ಣೆ ರುಚಿಯನ್ನು ಎನ್‌ಹ್ಯಾನ್ಸ್ ಮಾಡುತ್ತದೆ. ಇರುವ ಒಳ್ಳೆಯ ಗುಣವನ್ನು ಇನ್ನಷ್ಟು ಎತ್ತರಿಸುವ ಪದ ಅದು. ಅದರ ಮೂಲವೇ ‘ಎತ್ತರ’ ಅನ್ನುವ ಅರ್ಥದ ಲ್ಯಾಟಿನ್ ಪದ ‘ಆಲ್ಟಸ್’.

ಜಾಸ್ತಿ ಜನ ಎಡವುವುದು ವ್ಯಾಕರಣದಲ್ಲಿ. ‘ಮೈ ಇಂಗ್ಲಿಷ್ ಹ್ಯಾಸ್ ಇಂಪ್ರೂವ್ಡ್’ ಸರಿ. ‘ಮೈ ಇಂಗ್ಲಿಷ್ ಹ್ಯಾಸ್ ಎನ್‌ಹ್ಯಾನ್ಸ್ಡ್’ ತಪ್ಪು. ನಮ್ಮ ‘ಸುಧಾರಿಸು’ ಇದೆಯಲ್ವಾ, ಅದು ಎರಡೂ ಕಡೆ ನಡೆಯುತ್ತದೆ: ಆರೋಗ್ಯ ಸುಧಾರಿಸಿತು, ಆಡಳಿತವನ್ನು ಸುಧಾರಿಸಿದರು. ಇಂಪ್ರೂವ್ ಕೂಡ ಹಾಗೇ. ಎನ್‌ಹ್ಯಾನ್ಸ್ ಮಾತ್ರ ‘ಹೆಚ್ಚಿಸು’ ಇದ್ದಂತೆ. ‘ಮೆಕ್ಕೆಜೋಳದ ರೇಟು ಹೆಚ್ಚಿತು’ ಅನ್ನುತ್ತೇವೆ, ‘ರೇಟು ಹೆಚ್ಚಿಸಿತು’ ಅಂದರೆ ಏನನ್ನು ಅಂತ ಕೇಳ್ತಾರೆ. ಎನ್‌ಹ್ಯಾನ್ಸ್ ಬರೆದ ಕಡೆಯೂ ‘ಏನನ್ನು?’ ಅನ್ನುವುದಕ್ಕೆ ಉತ್ತರ ಇರಲೇಬೇಕು.

‘ಅಮೀಲಿಯೊರೇಟ್’ ರೆಸ್ಯೂಮೆಗೆ ಬೇಡವೇ ಬೇಡ. ಬಡತನ, ಬರ, ನೋವಿನಂಥ ಕೆಟ್ಟ ಸ್ಥಿತಿಯನ್ನು ತುಸು ಹಗುರ ಮಾಡುವುದಕ್ಕೆ ಆ ಪದ. ‘ಅಪ್‌ಗ್ರೇಡ್’ ಅಂದರೆ ಮೇಲಿನ ದರ್ಜೆಗೆ ಏರಿಸುವುದು. 2016ರಲ್ಲಿ ನಮ್ಮೂರು ದಾವಣಗೆರೆ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ಊರುಗಳ ಪಟ್ಟಿಗೆ ಸೇರಿತಲ್ಲ. ಅಂಥ ಯೋಜನೆಯಲ್ಲಿ ಹಳೇ ಬೀದಿದೀಪ ತೆಗೆದು ಎಲ್‌ಇಡಿ ಹಾಕಿದರೆ ಅದು ಅಪ್‌ಗ್ರೇಡ್. ‘ರಿಫೈನ್’ ಸಣ್ಣಪುಟ್ಟ ತಿದ್ದುಪಡಿಗೆ.

ಈಗ ನಿಮ್ಮ ರೆಸ್ಯೂಮೆ. ‘ಇಂಪ್ರೂವ್’ ಅಂದರೆ ಕೊರತೆ ಒಪ್ಪಿಕೊಂಡಂತೆ ಅನ್ನುವ ಅಳುಕು ನಿಮಗಿರಬಹುದು. ಅಳುಕಬೇಡಿ. ನನ್ನ ಮಟ್ಟಿಗೆ ಸಾದಾ ಪದವೇ ಗಟ್ಟಿ, ಅದರ ಜೊತೆಗೆ ಮಾಡಿದ ಕೆಲಸ ಬರೆದರೆ ಸಾಕು. ‘ಎನ್‌ಹ್ಯಾನ್ಸ್ಡ್ ಕಮ್ಯುನಿಕೇಶನ್ ಸ್ಕಿಲ್ಸ್’ ಅಂತ ಸುಮ್ನೆ ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. ಅಂಗಡಿಯ ಲೆಕ್ಕವನ್ನು ಪುಸ್ತಕದಿಂದ ಟ್ಯಾಲಿ ಸಾಫ್ಟ್‌ವೇರ್‌ಗೆ ತಂದಿದ್ದರೆ ಅದನ್ನೇ ಬರೆಯಿರಿ.

ಇನ್ನೊಂದು. ‘ಇಂಪ್ರೂವ್‌ಮೆಂಟ್’ ಆದಮೇಲೆ ‘ಇನ್’ ಬಂದರೆ ಅದೇ ವಸ್ತು ಮೊದಲಿಗಿಂತ ಚೆನ್ನಾಗಿದೆ ಅಂತ: ‘ಇಂಪ್ರೂವ್‌ಮೆಂಟ್ ಇನ್ ಮೈ ಮಾರ್ಕ್ಸ್’. ‘ಆನ್’ ಬಂದರೆ ಹೊಸದು ಹಳೆಯದನ್ನು ಮೀರಿಸಿದೆ ಅಂತ: ಎರಡನೇ ರೆಸ್ಯೂಮೆ ಮೊದಲಿನದಕ್ಕಿಂತ ಚೆನ್ನಾಗಿದ್ದರೆ ಅದು ‘ಆ್ಯನ್ ಇಂಪ್ರೂವ್‌ಮೆಂಟ್ ಆನ್ ದ ಫಸ್ಟ್’.