ಶಕ್ತಿ ಹೋಗುವ ದಾರಿ: ಆರ್‌ಸಿ ಮಾನ್‌ಸ್ಟರ್ ಟ್ರಕ್ ಬದಲಾಯಿಸುವವರಿಗೆ ಅಧ್ಯಯನ ಟಿಪ್ಪಣಿ

ಹೊಸದಾಗಿ ಆರ್‌ಸಿ, ಅಂದರೆ ರಿಮೋಟಿನಿಂದ ಓಡಿಸುವ, ಗಾಡಿ ಕೊಂಡವರು ಕೇಳುವ ಮೊದಲ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಸ್ಪೀಡ್ ಜಾಸ್ತಿ ಆಗ್ಬೇಕು, ಯಾವ ಮೋಟಾರ್ ಹಾಕ್ಲಿ?" ಮೋಟಾರಿನ ಮಾತು ಈ ಟಿಪ್ಪಣಿಯಲ್ಲೂ ಬರುತ್ತದೆ, ಆದರೆ ಕಟ್ಟಕಡೆಗೆ. ಮೊದಲು ಕೈ ಹಾಕಬೇಕಾದ ಭಾಗ ಅದಲ್ಲ ಎಂಬುದು ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ ಮೂರು ಸ್ಪರ್ ಗೇರ್, ಅಂದರೆ ಮೋಟಾರಿನ ಚಿಕ್ಕ ಗೇರು ತಿರುಗಿಸುವ ದೊಡ್ಡ ಗೇರು, ಹಾಳಾದ ಮೇಲೆ. ಅಷ್ಟು ಖರ್ಚಿಲ್ಲದೆ ನಿಮಗೆ ಅದು ಗೊತ್ತಾಗಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ಉದಾಹರಣೆಗೆ ಹಿಡಿದಿರುವುದು ಟ್ರ್ಯಾಕ್ಸಾಸ್ ಸ್ಟಾಂಪೀಡ್, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ 1/10 ಅಳತೆಯ ಮಾದರಿ. ಟೈಟನ್ 12ಟಿ ಎಂಬ 550 ಗಾತ್ರದ ಬ್ರಷ್ ಮೋಟಾರ್, ಎಕ್ಸ್‌ಎಲ್-5 ಎಂಬ ಇಎಸ್‌ಸಿ, ಅಂದರೆ ಸ್ಪೀಡ್ ಕಂಟ್ರೋಲರ್, 7 ಸೆಲ್ಲಿನ 8.4 ವೋಲ್ಟ್ ನಿಕಲ್ ಬ್ಯಾಟರಿ, ಇವು ಅದರ ಪರಿಚಿತ ಜೋಡಣೆ. ನಿಮ್ಮ ಗಾಡಿ ಬೇರೆ ಕಂಪನಿಯದಾದರೂ ಅಂಕಿಗಳಷ್ಟೇ ಬದಲಾಗುತ್ತವೆ, ಲೆಕ್ಕದ ರೀತಿ ಇದೇ.

ಬಿಗ್‌ಫುಟ್ ಹೆಸರಿನ ಹಿಂದಿನ ಪಾಠ

ಆಟಿಕೆಗೆ ಮೊದಲು ಅಸಲಿ ಗಾಡಿಯ ಕಥೆ ಒಂದು ನಿಮಿಷ. ಅಮೆರಿಕದ ಸೇಂಟ್ ಲೂಯಿಸ್ ಹತ್ತಿರ ಬಾಬ್ ಚಾಂಡ್ಲರ್ ಎಂಬವರು ತಮ್ಮ 1974ರ ಫೋರ್ಡ್ ಎಫ್-250 ಪಿಕಪ್ಪನ್ನು ಬದಲಾಯಿಸುತ್ತಾ ಹೋದರು. ದೊಡ್ಡ ಟೈರ್ ಹಾಕಿದರು, ಆ್ಯಕ್ಸಲ್ ಮುರಿಯಿತು. ಸೈನ್ಯದ ಟ್ರಕ್ಕಿನ ದಪ್ಪ ಆ್ಯಕ್ಸಲ್ ತಂದು ಹಾಕಿದರು, ಅದು ತಡೆದುಕೊಂಡಿತು, ಆಗ ಇನ್ನೂ ದೊಡ್ಡ ಟೈರ್ ಹಾಕಿದರು. ಆಕ್ಸಲರೇಟರ್ ಮೇಲಿನ ಅವರ ಭಾರದ ಪಾದವೇ ಇಷ್ಟೆಲ್ಲ ಮುರಿತಕ್ಕೆ ಕಾರಣ ಎಂದು ಅಂಗಡಿಯ ಜೊತೆಗಾರರು ಹೇಳಿದ ಮಾತಿನಿಂದಲೇ ಗಾಡಿಗೆ 'ಬಿಗ್‌ಫುಟ್' ಎಂಬ ಹೆಸರು ಬಂತು. 1981ರಲ್ಲಿ ಅದು ಹೊಲವೊಂದರಲ್ಲಿ ಹಳೆಯ ಕಾರುಗಳ ಮೇಲೆ ಹತ್ತಿ ಇಳಿಯಿತು. ಮಾನ್‌ಸ್ಟರ್ ಟ್ರಕ್ ಎಂಬ ಆಟ ಬೆಳೆದದ್ದು ಅಲ್ಲಿಂದ. ಜಪಾನಿನ ಟಮಿಯಾ ಕಂಪನಿ 1987ರಲ್ಲಿ ಎರಡು ಮೋಟಾರಿನ, ನಾಲ್ಕೂ ಚಕ್ರ ತಿರುಗಿಸುವ ಕ್ಲಾಡ್ ಬಸ್ಟರ್ ಎಂಬ ಆರ್‌ಸಿ ಗಾಡಿ ತಂದಿತು; ಇಂಥ ಗಾಡಿಗಳ ಜೊತೆ ಅದೇ ಆಟ ಅಂಗಳಕ್ಕೂ ಬಂತು.

ಚಾಂಡ್ಲರ್ ಅವರ ಗಾಡಿಯಲ್ಲಿ ಆದದ್ದೇ ನಮ್ಮ ಎರಡು ಕಿಲೋ ಆಸುಪಾಸಿನ ಗಾಡಿಯಲ್ಲೂ ಆಗುತ್ತದೆ. ಬ್ಯಾಟರಿಯಿಂದ ಹೊರಟ ಶಕ್ತಿ ಇಎಸ್‌ಸಿ ಹಾದು ಮೋಟಾರಿಗೆ ಬರುತ್ತದೆ. ಅಲ್ಲಿಂದ ಚಿಕ್ಕ ಪಿನಿಯನ್ ಗೇರು, ದೊಡ್ಡ ಸ್ಪರ್ ಗೇರು, ಸ್ಲಿಪ್ಪರ್ ಕ್ಲಚ್, ಗೇರ್ ಬಾಕ್ಸಿನೊಳಗೆ ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್, ಡ್ರೈವ್ ಶಾಫ್ಟ್, ಚಕ್ರ, ನೆಲ. ನೆಲ ಕೊಡುವ ಪೆಟ್ಟು ಇದೇ ದಾರಿಯಲ್ಲಿ ವಾಪಸು ಬರುತ್ತದೆ. ಒಂದು ಕೊಂಡಿಯನ್ನು ಗಟ್ಟಿ ಮಾಡಿದಿರೋ, ಪೆಟ್ಟು ಪಕ್ಕದ ಕೊಂಡಿಗೆ ದಾಟುತ್ತದೆ. ಹಾಗಾಗಿ ಯಾವ ಭಾಗ ಕೊಳ್ಳುವ ಮೊದಲೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಗಟ್ಟಿಯಾದರೆ ಮುಂದೆ ಮುರಿಯುವುದು ಯಾವುದು?

ಬ್ಯಾಟರಿ

ಕಡಿಮೆ ದುಡ್ಡಿಗೆ ಹೆಚ್ಚು ವ್ಯತ್ಯಾಸ ಕಾಣಿಸುವ ಬದಲಾವಣೆ ಇದು. 7 ಸೆಲ್ ನಿಕಲ್ ಬ್ಯಾಟರಿ ಹೆಸರಿಗೆ 8.4 ವೋಲ್ಟ್, 2ಎಸ್ ಲೈಪೊ, ಅಂದರೆ ಎರಡು ಸೆಲ್ಲಿನ ಲಿಥಿಯಂ-ಪಾಲಿಮರ್ ಬ್ಯಾಟರಿ, ಹೆಸರಿಗೆ 7.4 ವೋಲ್ಟ್. ಹಾಗಿದ್ದೂ ಲೈಪೊ ಹಾಕಿದ ಗಾಡಿಯೇ ಚುರುಕಾಗಿ ಓಡುವುದೇಕೆ? ಥ್ರಾಟಲ್ ಒತ್ತಿ ಕರೆಂಟ್ ಎಳೆದ ಕ್ಷಣ ನಿಕಲ್ ಬ್ಯಾಟರಿಯ ವೋಲ್ಟೇಜು ಕುಸಿಯುತ್ತದೆ, ಒಳ್ಳೆಯ ಲೈಪೊದ್ದು ಅಷ್ಟು ಕುಸಿಯುವುದಿಲ್ಲ. ಪೂರ್ತಿ ಚಾರ್ಜ್ ಆದ ಲೈಪೊ ಸೆಲ್ 4.2 ವೋಲ್ಟ್, ಎರಡು ಸೆಲ್ ಸೇರಿ 8.4. ಡಬ್ಬಿಯ ಮೇಲಿನ ಸಂಖ್ಯೆಗಿಂತ ಭಾರ ಬಿದ್ದಾಗ ಉಳಿಯುವ ವೋಲ್ಟೇಜು ಮುಖ್ಯ.

'ಸಿ' ಎಂಬ ಅಕ್ಷರ ಕಂಡು ಗಾಬರಿಯಾಗಬೇಡಿ. 5000 ಎಂಎಎಚ್ ಅಂದರೆ 5 ಆಂಪಿಯರ್-ಗಂಟೆ; ಅದು 25ಸಿ ಆಗಿದ್ದರೆ 5 × 25 = 125 ಆಂಪಿಯರ್ ಕೊಡಬಲ್ಲೆ ಎಂದು ಹೇಳಿಕೊಳ್ಳುತ್ತದೆ. ಚಾರ್ಜ್ ಮಾಡುವಾಗ 1ಸಿ, ಅಂದರೆ 5 ಆಂಪಿಯರ್ ದಾಟಬೇಡಿ.

ಲೈಪೊ ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿದರೆ ಕೆಡುತ್ತದೆ. ಎಕ್ಸ್‌ಎಲ್-5ರಲ್ಲಿ ಇದನ್ನು ತಡೆಯುವ ವ್ಯವಸ್ಥೆ ಇದೆ: ದೀಪ ಹಸಿರಾಗಿದ್ದರೆ ಕಾವಲು ಆನ್, ಕೆಂಪಾಗಿದ್ದರೆ ಆಫ್. ಲೈಪೊ ಸಿಕ್ಕಿಸಿದ ಮೇಲೆ ಮೊದಲ ಕೆಲಸ ಆ ದೀಪ ನೋಡುವುದು. ನಿಕಲ್ ಬ್ಯಾಟರಿಯ ಚಾರ್ಜರಿಗೆ ಲೈಪೊ ಹಾಕಲೇಬೇಡಿ, ಬೆಂಕಿ ಹತ್ತಬಹುದು. ಪ್ರತಿ ಸೆಲ್ಲನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬೇಕು, ಚಾರ್ಜ್ ಆಗುವಾಗ ಮನುಷ್ಯ ಅಲ್ಲೇ ಇರಬೇಕು. ವಾರಗಟ್ಟಲೆ ಓಡಿಸುವುದಿಲ್ಲವಾದರೆ ಸೆಲ್ಲಿಗೆ 3.8 ವೋಲ್ಟ್ ಸುಮಾರಿಗೆ ಇಳಿಸಿ ಇಡಿ. ಒಂದು ಮಳೆಗಾಲ ನಾನು ಪೂರ್ತಿ ಚಾರ್ಜ್ ಮಾಡಿದ ಪ್ಯಾಕನ್ನು ಎರಡು ತಿಂಗಳು ಕಪಾಟಿನಲ್ಲಿ ಮರೆತೆ. ತೆಗೆದಾಗ ಪೂರಿಯ ಹಾಗೆ ಉಬ್ಬಿತ್ತು. ಉಬ್ಬಿದ ಪ್ಯಾಕನ್ನು ಮತ್ತೆ ಬಳಸಬಾರದು.

ಹೊರದೇಶದಿಂದ ನೆಂಟರ ಕೈಲಿ ತರಿಸುವವರಿಗೆ ಒಂದು ಮಾತು. ಬಿಡಿ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ತರಬೇಕು. ಮಾಮೂಲಿ ಮಿತಿ 100 ವ್ಯಾಟ್-ಗಂಟೆ. 2ಎಸ್ 5000 ಎಂಎಎಚ್ ಪ್ಯಾಕ್ 7.4 × 5 = 37, 3ಎಸ್ ಆದರೆ 55.5, ಎರಡೂ ಮಿತಿಯೊಳಗೇ ಇವೆ. ಕನೆಕ್ಟರಿನ ತುದಿ ಒಂದಕ್ಕೊಂದು ತಾಗದಂತೆ ಟೇಪು ಸುತ್ತಲು ಹೇಳಿ. ಕನೆಕ್ಟರ್, ದಪ್ಪ ಸಿಲಿಕಾನ್ ವೈರು, ಬೆಸುಗೆ ಸೀಸ ಇವಕ್ಕೆಲ್ಲ ಹೊರದೇಶ ಬೇಡ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅರ್ಧ ಗಂಟೆ ಸುತ್ತಿದರೆ ಸಾಕು.

ಗೇರಿನ ಲೆಕ್ಕ

ಇದನ್ನು ಪೆನ್ನು ಹಿಡಿದು ಓದಿ. ಸ್ಪರ್ ಗೇರಿನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿ, ಬಂದದ್ದನ್ನು ಗೇರ್ ಬಾಕ್ಸಿನೊಳಗಿನ ಅನುಪಾತದಿಂದ ಗುಣಿಸಬೇಕು. ಸ್ಟಾಂಪೀಡ್ ಗೇರ್ ಬಾಕ್ಸಿನದು 2.72, ಅದರ 'ಮ್ಯಾಗ್ನಮ್ 272' ಎಂಬ ಹೆಸರಿನಲ್ಲೇ ಅದು ಅಡಗಿದೆ.

86 ಹಲ್ಲಿನ ಸ್ಪರ್, 23 ಹಲ್ಲಿನ ಪಿನಿಯನ್ ಇದ್ದರೆ 86 ÷ 23 × 2.72 = 10.17. ಅಂದರೆ ಮೋಟಾರ್ ಹತ್ತು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಪಿನಿಯನ್ ಮಾತ್ರ 19 ಹಲ್ಲಿನದಕ್ಕೆ ಬದಲಾಯಿಸಿದರೆ 12.31. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಕೊನೆಯ ವೇಗ ಕಡಿಮೆ, ಮೋಟಾರಿಗೆ ಆರಾಮ. ಸೈಕಲ್ಲಿನಲ್ಲಿ ಏರು ಹತ್ತುವಾಗ ಹಗುರ ಗೇರಿಗೆ ಬರುವ ಹಾಗೆ.

ಟೈರ್ ಕೂಡ ಗೇರೇ ಎಂಬುದನ್ನು ಬಹಳ ಜನ ಮರೆಯುತ್ತಾರೆ. 12.5 ಸೆಂ.ಮೀ. ವ್ಯಾಸದ ಟೈರ್ ತೆಗೆದು 15 ಸೆಂ.ಮೀ.ನದು ಹಾಕಿದರೆ ಶೇ 20 ಏರಿಕೆ. ಮೋಟಾರಿನ ಮಟ್ಟಿಗೆ ಇದು 19 ಹಲ್ಲಿನ ಪಿನಿಯನ್ ತೆಗೆದು 23ರದು ಹಾಕಿದಷ್ಟೇ ಭಾರ. ನೋಡಲು ಚೆಂದವೆಂದು ದೊಡ್ಡ ಟೈರ್ ಹಾಕಿ, ಪಿನಿಯನ್ ಹಾಗೇ ಬಿಟ್ಟು, ಹತ್ತೇ ನಿಮಿಷಕ್ಕೆ ಮೋಟಾರ್ ಸುಟ್ಟ ವಾಸನೆ ಬರಿಸಿಕೊಂಡವರನ್ನು ಕಂಡಿದ್ದೇನೆ. ಕರೆಂಟು ಒಂದೂವರೆ ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಕಾವು ಎರಡೂಕಾಲು ಪಟ್ಟು, ಏಕೆಂದರೆ ಕಾವು ಕರೆಂಟಿನ ವರ್ಗದ ಜೊತೆ ಏರುತ್ತದೆ. ಟೈರ್ ದೊಡ್ಡದಾದರೆ ಪಿನಿಯನ್ ಚಿಕ್ಕದಾಗಲಿ.

ಇನ್ನು ಗೇರ್ ಕೂರಿಸುವುದು. ನನ್ನ ಮೂರು ಸ್ಪರ್ ಗೇರುಗಳು ಹೋದದ್ದು ಇಲ್ಲೇ. ಮೊದಲನೆಯದು ಊರಿನ ರಾಗಿ ಕಣದಲ್ಲಿ. ಹೊಸ ಪಿನಿಯನ್ ಹಾಕಿ ಅದರ ಚಿಕ್ಕ ಗ್ರಬ್ ಸ್ಕ್ರೂ ಬಿಗಿದಿದ್ದೆ, ಆದರೆ ಮೋಟಾರ್ ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಅದು ಕೂತಿರಲಿಲ್ಲ, ಗುಂಡು ಭಾಗದ ಮೇಲೆ ಕೂತಿತ್ತು. ನಾಲ್ಕು ಸುತ್ತು ಓಡಿದ ಗಾಡಿ ಕರ್ರ್ ಎಂದು ಕಿರುಚಿ ನಿಂತಿತು. ಮುಚ್ಚಳ ತೆಗೆದರೆ ಪಿನಿಯನ್ ಅರ್ಧ ಹೊರಗೆ ಜಾರಿತ್ತು. ಸ್ಪರ್ ಗೇರಿನ ಒಂದು ಬದಿಯ ಹಲ್ಲುಗಳೆಲ್ಲ ತೆಂಗಿನ ತುರಿಯ ಹಾಗೆ ಉದುರಿ ಒಳಗೆಲ್ಲ ಹರಡಿದ್ದವು. ಉಳಿದೆರಡು ಹೋದದ್ದು ಗೇರುಗಳನ್ನು ತೀರ ಒತ್ತಿ ಕೂರಿಸಿದ್ದಕ್ಕೆ.

ಈಗ ನಾನು ಮಾಡುವುದು ಹೀಗೆ. ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಹರಿದು ಎರಡು ಗೇರುಗಳ ನಡುವೆ ಸಿಕ್ಕಿಸುತ್ತೇನೆ, ಮೋಟಾರನ್ನು ಅದಕ್ಕೆ ಒತ್ತಿ ಹಿಡಿದು ಸ್ಕ್ರೂ ಬಿಗಿಯುತ್ತೇನೆ, ಸ್ಪರ್ ಸುತ್ತಿಸಿ ಕಾಗದ ಹೊರತೆಗೆಯುತ್ತೇನೆ. ಕಾಗದದ ಮೇಲೆ ಹಲ್ಲಿನ ಅಚ್ಚು ಸ್ಪಷ್ಟವಾಗಿ ಬಿದ್ದು, ಕಾಗದ ಹರಿಯದೆ ಬಂದರೆ ಸರಿಯಾಗಿದೆ. ಸ್ಪರ್ ಅನ್ನು ಬೆರಳಿನಿಂದ ಅಲುಗಿಸಿದಾಗ ಕೂದಲೆಳೆಯಷ್ಟು ಸಡಿಲ ಸಿಗಬೇಕು. ಇದನ್ನು ಒಂದೇ ಜಾಗದಲ್ಲಲ್ಲ, ಗೇರನ್ನು ತಿರುಗಿಸಿ ನಾಲ್ಕೈದು ಕಡೆ ನೋಡಿ. ಪ್ಲಾಸ್ಟಿಕ್ ಗೇರು ಯಾವಾಗಲೂ ಕರಾರುವಾಕ್ಕಾಗಿ ಗುಂಡಗಿರುವುದಿಲ್ಲ. ಗ್ರಬ್ ಸ್ಕ್ರೂಗೆ ನೀಲಿ ಥ್ರೆಡ್‌ಲಾಕ್ ಅಂಟು ಒಂದು ಹನಿ. ಪಿನಿಯನ್ ಕೊಳ್ಳುವಾಗ ಪಿಚ್, ಅಂದರೆ ಹಲ್ಲಿನ ಅಳತೆ, ನೋಡಿ: ಈ ಗಾಡಿಯದು 48 ಪಿಚ್, 32 ಪಿಚ್ಚಿನ ಪಿನಿಯನ್ ಇದಕ್ಕೆ ಕೂರುವುದಿಲ್ಲ.

ಸ್ಲಿಪ್ಪರ್ ಮತ್ತು ಶಾಫ್ಟ್

ಮನೆಯ ಕರೆಂಟಿಗೆ ಫ್ಯೂಸ್ ಹೇಗೋ ಗಾಡಿಗೆ ಸ್ಲಿಪ್ಪರ್ ಕ್ಲಚ್ ಹಾಗೆ. ಹಾರಿದ ಗಾಡಿ ಥ್ರಾಟಲ್ ಒತ್ತಿದ ಸ್ಥಿತಿಯಲ್ಲೇ ನೆಲಕ್ಕೆ ಬಂದರೆ, ಜೋರಾಗಿ ತಿರುಗುತ್ತಿದ್ದ ಚಕ್ರ ಒಮ್ಮೆಲೇ ತಡೆದು ನಿಲ್ಲುತ್ತದೆ. ಆ ಪೆಟ್ಟನ್ನು ಸ್ಲಿಪ್ಪರ್ ತುಸು ಜಾರಿ ನುಂಗದಿದ್ದರೆ ಗೇರಿನ ಹಲ್ಲೋ ಶಾಫ್ಟೋ ನುಂಗಬೇಕಾಗುತ್ತದೆ. ಸ್ಪ್ರಿಂಗ್ ಪೂರ್ತಿ ಒತ್ತುವವರೆಗೆ ನಟ್ ಬಿಗಿದು, ಅರ್ಧದಿಂದ ಒಂದು ಸುತ್ತು ಸಡಿಲಿಸಿ. ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಮೊದಲ ಒಂದೆರಡು ಅಡಿ ಸಣ್ಣ ಕೀಚಲು ಸದ್ದು ಕೇಳಿ ನಿಂತರೆ ಸರಿಯಾಗಿದೆ. ಸದ್ದೇ ಬಾರದಿದ್ದರೆ ಬಿಗಿ ಹೆಚ್ಚಾಗಿದೆ, ಬರುತ್ತಲೇ ಇದ್ದರೆ ಸಡಿಲವಾಗಿದೆ. ಜಾರದಂತೆ ಸ್ಲಿಪ್ಪರನ್ನೇ ಬಂದ್ ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ಕಲಿಯುವವರು ಆ ಮಾತು ಕೇಳಬೇಡಿ.

ಡ್ರೈವ್ ಶಾಫ್ಟ್ ಪ್ಲಾಸ್ಟಿಕ್ಕಿನದು, ಒಂದರೊಳಗೊಂದು ಜಾರುವ ಎರಡು ತುಂಡು. ಬ್ರಷ್ ಮೋಟಾರಿಗೆ ಇದು ಸಾಕು. ಬ್ರಷ್‌ಲೆಸ್, ಅಂದರೆ ಒಳಗೆ ಉಜ್ಜುವ ಬ್ರಷ್ ಇಲ್ಲದ ಹೆಚ್ಚು ಶಕ್ತಿಯ ಮೋಟಾರ್, ಹಾಕುವ ಯೋಚನೆ ಇದ್ದರೆ ಸಿವಿಡಿ ಎಂಬ ಕೀಲಿನ ಉಕ್ಕಿನ ಶಾಫ್ಟಿಗೆ ದುಡ್ಡು ಎತ್ತಿಡಿ. ಆಗ ಶಾಫ್ಟು ತಿರುಚುವುದಿಲ್ಲ, ಆ ಭಾರ ಡಿಫರೆನ್ಷಿಯಲ್ಲಿನ ಗೇರಿಗೆ ಹೋಗುತ್ತದೆ. ಮೇಲೆ ಹೇಳಿದ ಸ್ಲಿಪ್ಪರ್ ಹೊಂದಾಣಿಕೆ ಸರಿ ಇರಬೇಕಾದ್ದು ಅದಕ್ಕೇ.

ಬೇರಿಂಗಿನ ಮಾತು ಚಿಕ್ಕದು. ಹಳೆಯ ಗಾಡಿ ಕೊಂಡಿದ್ದು ಅದರಲ್ಲಿ ಬುಶ್, ಅಂದರೆ ಗುಂಡುಗಳಿಲ್ಲದ ಬರೀ ಬಳೆ, ಇದ್ದರೆ ಬಾಲ್ ಬೇರಿಂಗ್ ಹಾಕಿಸಿ. ಈ ಮಾದರಿಯಲ್ಲಿ ಮುಂದಿನ ಬೇರಿಂಗು ಚಕ್ರದೊಳಗೇ ಕೂರುತ್ತದೆ, ಅಳತೆ 5×11×4 ಮಿ.ಮೀ. ನಮ್ಮ ಕೆಂಪು ಮಣ್ಣಿನ ಧೂಳು ಮೊದಲು ತಿನ್ನುವುದು ಅದನ್ನೇ.

ತೋಳು: ಅಲ್ಯುಮಿನಿಯಂ ಬೇಕೇ?

ತೋಳು ಅಂದರೆ ಚಕ್ರವನ್ನು ಗಾಡಿಯ ಮೈಗೆ ಸೇರಿಸುವ ಭಾಗ. ನೀಲಿ ಬಣ್ಣದ ಹೊಳೆಯುವ ಅಲ್ಯುಮಿನಿಯಂ ತೋಳು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಸಸ್ಪೆನ್ಶನ್ ತೋಳಿಗೆ ಅದು ಬೇಡ. ಮುಂದಿನ ಚಕ್ರ ಫುಟ್‌ಪಾತಿನ ಕಲ್ಲಿಗೆ ಬಡಿದಾಗ ಏನಾಗುತ್ತದೆ ನೋಡಿ. ಒಳ್ಳೆಯ ನೈಲಾನ್ ತೋಳು ಬಿದಿರಿನ ಹಾಗೆ ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ, ಪೆಟ್ಟು ಅಲ್ಲೇ ಕರಗುತ್ತದೆ. ಅಲ್ಯುಮಿನಿಯಂ ಬಾಗಿದರೆ ಬಾಗಿಯೇ ಇರುತ್ತದೆ. ಬಾಗದಿದ್ದರೆ ಪೆಟ್ಟನ್ನು ಪೂರ್ತಿಯಾಗಿ ಒಳಗೆ ತೋಳುಗಳನ್ನು ಹಿಡಿದಿರುವ ಬಲ್ಕ್‌ಹೆಡ್ಡಿಗೆ ದಾಟಿಸುತ್ತದೆ. ತೋಳು ಬದಲಾಯಿಸಲು ಒಂದೆರಡು ಪಿನ್ನು ತೆಗೆದರೆ ಆಯಿತು, ಬಲ್ಕ್‌ಹೆಡ್ ಬದಲಾಯಿಸಲು ಗಾಡಿಯ ಮುಂಭಾಗವನ್ನೇ ಬಿಚ್ಚಬೇಕು. ಆರ್‌ಪಿಎಂ ಎಂಬ ಅಮೆರಿಕನ್ ಕಂಪನಿಯ ನೈಲಾನ್ ತೋಳುಗಳು ಈ ಗಾಡಿಗೆ ಹೆಸರುವಾಸಿ, ನಾನು ಬಳಸುವುದೂ ಅವನ್ನೇ. ಅಲ್ಯುಮಿನಿಯಂ ಸಲ್ಲುವುದು ಬಾಗದೆ ಇರಬೇಕಾದ ಕಡೆ: ಮೋಟಾರ್ ಪ್ಲೇಟು, ಶಾಕ್ ಅಬ್ಸಾರ್ಬರಿನ ಮುಚ್ಚಳ.

ಕೊನೆಗೆ ಮೋಟಾರ್

ಎಕ್ಸ್‌ಎಲ್-5 ಬ್ರಷ್ ಮೋಟಾರಿಗೆ ಮಾತ್ರ; ಲೈಪೊ 2ಎಸ್‌ವರೆಗೆ, 550 ಗಾತ್ರದಲ್ಲಿ 12 ಟರ್ನ್, 540 ಗಾತ್ರದಲ್ಲಿ 15 ಟರ್ನ್ ಅದರ ಮಿತಿ. ಟರ್ನ್ ಅಂದರೆ ಮೋಟಾರಿನೊಳಗಿನ ತಂತಿಯ ಸುತ್ತು, ಇದಕ್ಕಿಂತ ಕಡಿಮೆ ಸುತ್ತಿನದು ಹಾಕುವಂತಿಲ್ಲ. ಹಾಗಾಗಿ ಬ್ರಷ್‌ಲೆಸ್‌ಗೆ ಹೋಗುವವರು ಮೋಟಾರ್, ಇಎಸ್‌ಸಿ ಎರಡನ್ನೂ ಕೊಳ್ಳಬೇಕು. ಟ್ರ್ಯಾಕ್ಸಾಸ್‌ನದೇ ವೆಲಿನಿಯನ್ 3500 ಮೋಟಾರ್, ಜೊತೆಗೆ 3ಎಸ್ ತಡೆಯುವ ವಿಎಕ್ಸ್‌ಎಲ್-3ಎಸ್ ಒಂದು ಜೋಡಿ. 3500 ಅಂದರೆ ಕೆವಿ: ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 3500 ಸುತ್ತು.

2ಎಸ್‌ನಲ್ಲಿ 3500 × 7.4 = 25,900 ಸುತ್ತು. ನಮ್ಮ 12.31ರಿಂದ ಭಾಗಿಸಿದರೆ ಚಕ್ರಕ್ಕೆ 2,104 ಸುತ್ತು. 12.5 ಸೆಂ.ಮೀ. ಟೈರಿನ ಸುತ್ತಳತೆ ಸುಮಾರು 39 ಸೆಂ.ಮೀ.; ಗಂಟೆಗೆ 50 ಕಿ.ಮೀ. ಹತ್ತಿರ ಬರುತ್ತದೆ. 3ಎಸ್ ಹಾಕಿದರೆ ಲೆಕ್ಕದಲ್ಲಿ 74. ನೆಲದ ಮೇಲೆ ಇಷ್ಟು ಸಿಗುವುದಿಲ್ಲ, ಆದರೆ ಅನುಪಾತ ಹೀಗೇ ಇರುತ್ತದೆ: ವೇಗ ಒಂದೂವರೆ ಪಟ್ಟು, ಡಿಕ್ಕಿಯಲ್ಲಿ ಗಾಡಿ ತಿನ್ನುವ ಶಕ್ತಿ ಎರಡೂಕಾಲು ಪಟ್ಟು. ರಸ್ತೆ ಬದಿಯಲ್ಲಿ ಆಡುವ ಮಕ್ಕಳ ಕಾಲಿಗೆ ತಗುಲಿದರೆ ಅದೂ ಎರಡೂಕಾಲು ಪಟ್ಟು. 3ಎಸ್ ಓಡಿಸುವುದಾದರೆ ಜನರಿಲ್ಲದ ಬಯಲಿಗೇ ಹೋಗಿ.

ಹೊಸ ಮೋಟಾರಿನ ಮೊದಲ ಓಟ 2ಎಸ್‌ನಲ್ಲಿ, ಟ್ರೇನಿಂಗ್ ಮೋಡ್‌ನಲ್ಲಿ ಇರಲಿ; ಆ ಮೋಡ್‌ನಲ್ಲಿ ಅರ್ಧ ಶಕ್ತಿಯಷ್ಟೇ ಸಿಗುತ್ತದೆ. ಐದು ನಿಮಿಷಕ್ಕೆ ನಿಲ್ಲಿಸಿ, ಮೋಟಾರಿನ ಮೇಲೆ ಬೆರಳಿಡಿ. ಮೂರು ಎಣಿಸುವಷ್ಟರಲ್ಲಿ ಬೆರಳು ತೆಗೆಯಬೇಕು ಅನಿಸಿದರೆ ಪಿನಿಯನ್ ಒಂದೆರಡು ಹಲ್ಲು ಇಳಿಸಿ ಮತ್ತೆ ನೋಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ 80 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ಜನವರಿಯ ಪಿನಿಯನ್ ಹೊಂದದೇ ಇರಬಹುದು. ಆಮೇಲೆ ಗಾಡಿಯನ್ನು ಮಗುಚಿ, ಒಂದೊಂದೇ ಚಕ್ರ ಹಿಡಿದು ಅಲ್ಲಾಡಿಸಿ, ಶಾಫ್ಟುಗಳನ್ನು ಕೈಯಿಂದ ತಿರುಚಿ ನೋಡಿ, ಪಿನಿಯನ್ನಿನ ಗ್ರಬ್ ಸ್ಕ್ರೂಗೆ ಅಲನ್ ಕೀ ಹಾಕಿ ಬಿಗಿ ಇದೆಯೇ ಪರೀಕ್ಷಿಸಿ. ಅದು ಅಲುಗಾಡದಿದ್ದರೆ ಎರಡನೇ ಬ್ಯಾಟರಿ ಹಾಕಬಹುದು.