ಮಾಂಟೆಸ್ಸರಿಗೆ ಹೋಗುವ ಮಗುವಿಗೆ ಮನೆಯಲ್ಲಿ ಅಕ್ಷರ ಬರೆಸಬೇಕೇ?

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ. ಮಾಂಟೆಸ್ಸರಿ ಶಾಲೆಗೆ ಸೇರಿಸಿ ಆರು ತಿಂಗಳಾಯಿತು. ಅಲ್ಲಿ ನೀರು ಸುರಿಯುವುದು, ಕಾಳು ಹೆಕ್ಕುವುದು, ಚಾಪೆ ಸುತ್ತುವುದು ಇಷ್ಟೇ. ಒಂದಕ್ಷರ ಬರೆಸಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಹೊರಗೆಲ್ಲ ಮಲಯಾಳ. ಕನ್ನಡ ಅಕ್ಷರವನ್ನಾದರೂ ನಾವೇ ಬರೆಸಬೇಡವೇ? (ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಬ್ಬ ತಾಯಿ)

ಉತ್ತರ: ಕನ್ನಡವನ್ನು ಇವತ್ತೇ ಶುರು ಮಾಡಿ. ಪೆನ್ಸಿಲ್ ಹಿಡಿಸಿ ಅಕ್ಷರ ತಿದ್ದಿಸುವುದು ಮಾತ್ರ ಈಗ ಬೇಡ. ಅವಳಾಗಿ ಗೀಚಿದರೆ, ಚಿತ್ರ ಬಿಡಿಸಿದರೆ ಬಿಡಿಸಲಿ.

ಕನ್ನಡದ ಅಕ್ಷರಗಳೆಲ್ಲ ಬಹುಪಾಲು ಸುತ್ತು, ಬಳುಕು. ಅದನ್ನು ಬರೆಯಲು ಮಣಿಕಟ್ಟು ನಿಲ್ಲಬೇಕು, ಬೆರಳು ತಿರುಗಬೇಕು. ಮೂರೂವರೆ ವರ್ಷಕ್ಕೆ ಹೆಚ್ಚಿನ ಮಕ್ಕಳ ಕೈ ಇನ್ನೂ ಭುಜದಿಂದ, ಮೊಣಕೈಯಿಂದ ಓಡುತ್ತದೆ. ಒತ್ತಾಯ ಮಾಡಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಕಾಗದ ಹರಿಯುವಷ್ಟು ಒತ್ತಿ ಬರೆಯುತ್ತದೆ. ಆ ಹಿಡಿತ ಅಭ್ಯಾಸವಾಗಿಬಿಟ್ಟರೆ ಆಮೇಲೆ ತಪ್ಪಿಸುವುದು ಕಷ್ಟ.

ಶಾಲೆಯಲ್ಲಿ ನಡೆಯುತ್ತಿರುವುದು ಬರವಣಿಗೆಯ ತಯಾರಿಯೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿಸಿ ಕಾಳು ಹೆಕ್ಕುವ ಹಿಡಿತವೇ ನಾಳೆ ಪೆನ್ಸಿಲಿನ ಹಿಡಿತ. ಒದ್ದೆ ಬಟ್ಟೆ ಹಿಂಡುವಾಗ ಬಲಿಯುವುದು ಮಣಿಕಟ್ಟು. ಇದಕ್ಕೆ ಬೇಕಾದ ಸಾಮಾನು ನಿಮ್ಮ ಅಡುಗೆಮನೆಯಲ್ಲೇ ಇದೆ. ಸಾವಿರಾರು ರೂಪಾಯಿಯ ಮರದ ಆಟಿಕೆ ತರಿಸಬೇಕಾಗಿಲ್ಲ.

ಸುರಿಯುವುದನ್ನೇ ತೆಗೆದುಕೊಳ್ಳಿ. ಒಂದೇ ಅಳತೆಯ ಎರಡು ಸಣ್ಣ ಸ್ಟೀಲ್ ಲೋಟ, 150 ಮಿ.ಲೀ. ಹಿಡಿಯುವಂಥದ್ದು, ಸಾಕು. ಅಡಿಯಲ್ಲಿ ಅಂಚಿರುವ ಹಾಳೆತಟ್ಟೆ, ಪಕ್ಕದಲ್ಲಿ ಒರೆಸುವ ಬಟ್ಟೆ ಇಡಿ. ಮೊದಲ ವಾರ ಕುಚ್ಚಲಕ್ಕಿ, ಆಮೇಲೆ ನೀರು. ಲೋಟ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ನೀವು ಮೊದಲು ಒಮ್ಮೆ ನಿಧಾನವಾಗಿ, ಮಾತನಾಡದೆ ಮಾಡಿ ತೋರಿಸಿ. ಮಾತನಾಡುತ್ತಾ ತೋರಿಸಿದರೆ ಮಗು ನಿಮ್ಮ ಮುಖ ನೋಡುತ್ತದೆ, ಕೈ ನೋಡುವುದಿಲ್ಲ. ನೀರು ಚೆಲ್ಲಿದಾಗ ಅಜ್ಜಿಯೋ ನೀವೋ ಓಡಿಬಂದು ಒರೆಸಿದರೆ ಕೆಲಸ ಕೆಟ್ಟಿತು. ಚೆಲ್ಲಿದ ನೀರೇ ಅವಳಿಗೆ ತಪ್ಪನ್ನು ತೋರಿಸುತ್ತದೆ, ಒರೆಸಿ ಹಿಂಡುವುದು ಅದೇ ಪಾಠದ ಉಳಿದರ್ಧ. ದಿನವೂ ಚೆಲ್ಲುತ್ತಿದ್ದರೆ ಲೋಟ ದೊಡ್ಡದಾಗಿದೆ ಅಥವಾ ನೀರು ಜಾಸ್ತಿಯಾಗಿದೆ ಎಂದರ್ಥ, ಮಗುವನ್ನು ಗದರಬೇಡಿ.

ಹೀಗೆಯೇ ಅಲಸಂಡೆ ಮುರಿಯುವುದು, ಬಸಳೆ ಎಲೆ ಬಿಡಿಸುವುದು, ಬೆಳ್ಳುಳ್ಳಿ ಸಿಪ್ಪೆ ತೆಗೆಯುವುದು, ಕರವಸ್ತ್ರ ಮಡಚುವುದು. ದಿನಕ್ಕೆ ಒಂದೆರಡು ಸಾಕು. ಆದರೆ ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ನೆಲಗಡಲೆ, ಹುಣಿಸೆಬೀಜ, ಮಂಜೊಟ್ಟಿಯ ಕೆಂಪು ಕಾಳನ್ನು ಅವರ ಕೈಗೆಟುಕದಂತೆ ಎತ್ತಿಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗುಲಗಂಜಿಯಂತೂ ಯಾವ ವಯಸ್ಸಿನ ಮಗುವಿಗೂ ಬೇಡ, ಕಚ್ಚಿ ಜಗಿದರೆ ಪ್ರಾಣಕ್ಕೇ ಅಪಾಯ.

ಇನ್ನು ಅಕ್ಷರ. ಮೊದಲು ಕಿವಿ, ಆಮೇಲೆ ಬೆರಳು, ಕಟ್ಟಕಡೆಗೆ ಪೆನ್ಸಿಲ್. ಜಗಲಿಯಲ್ಲಿ ಮರ, ಮಂಗ, ಮಣಿ, ಸರ ಎಂದು ಹೇಳಿ, ಯಾವುದು 'ಮ'ದಿಂದ ಶುರುವಾಗುವುದಿಲ್ಲ ಎಂದು ಕೇಳಿ. ಎರಡು ಮೂರು ವಾರ ಇದನ್ನೇ ಆಡಿ. ತುಳು ಮಾತನಾಡುವ ಮನೆಯ ಮಕ್ಕಳಿಗೆ ಖ, ಘ, ಧ, ಭ ಕಿವಿಗೆ ಹೊಸತು. ಅದಕ್ಕೀಗ ಅವಸರವಿಲ್ಲ.

ಆಮೇಲೆ ಸ್ಯಾಂಡ್‌ಪೇಪರ್ ಅಕ್ಷರ, ಅಂದರೆ ಉಜ್ಜುಕಾಗದದಲ್ಲಿ ಕತ್ತರಿಸಿ ಅಂಟಿಸಿದ, ಬೆರಳಿನಿಂದ ತೀಡುವ ಅಕ್ಷರ. ಹಾರ್ಡ್‌ವೇರ್ ಅಂಗಡಿಯಲ್ಲಿ 150 ನಂಬರಿನದನ್ನು ಕೇಳಿ. 80ರದ್ದು ಎಳೆ ಬೆರಳಿಗೆ ಉರಿ. ಅಕ್ಷರ 8ರಿಂದ 10 ಸೆಂ.ಮೀ. ಎತ್ತರ, ಗೆರೆ ಸುಮಾರು 1 ಸೆಂ.ಮೀ. ಅಗಲ ಇರಲಿ. ಹಿಂಬದಿಯಲ್ಲಿ ಬರೆದು ಕತ್ತರಿಸುವುದಾದರೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು, ಇಲ್ಲದಿದ್ದರೆ ಅಂಟಿಸುವಾಗ ಉಲ್ಟಾ ಆಗುತ್ತದೆ. ನಮ್ಮ ಕಡೆಯ ಮಳೆಗಾಲಕ್ಕೆ ರಟ್ಟು ಸೊಟ್ಟಗಾಗುವುದರಿಂದ ತೆಳು ಪ್ಲೈವುಡ್ ತುಂಡಿನ ಮೇಲೆ ಅಂಟಿಸುವುದೇ ಒಳ್ಳೆಯದು.

ರ, ಸ, ಮ ಈ ಮೂರರಿಂದ ಆರಂಭಿಸಿ. ನೋಡಲು ಬೇರೆ ಬೇರೆ, ಮೇಲಾಗಿ ಮರ, ಸರ, ರಸ ಎಂಬ ಪದಗಳೂ ಕೂಡಲೇ ಸಿಗುತ್ತವೆ. ವ ಮತ್ತು ಮ, ಪ ಮತ್ತು ಷ ಒಟ್ಟಿಗೆ ಕೊಟ್ಟರೆ ಗೊಂದಲ. ತೋರುಬೆರಳು, ನಡುಬೆರಳು ಸೇರಿಸಿ, ಬರೆಯುವ ದಿಕ್ಕಿನಲ್ಲೇ ಹಗುರವಾಗಿ ತೀಡಿ 'ರ' ಎನ್ನಿ, ಅವಳೂ ತೀಡಲಿ. ಮೂರನ್ನೂ ಹೀಗೆ ತೋರಿಸಿದ ಮೇಲೆ 'ರ ಯಾವುದು, ಕೊಡು', 'ಸ ಚಾಪೆಯ ಮೇಲಿಡು' ಎಂದು ಆಡಿಸಿ. ಹೆಚ್ಚು ಹೊತ್ತು ಈ ಹಂತಕ್ಕೇ ಕೊಡಿ. ಅಲ್ಲಿ ತಪ್ಪಿಲ್ಲದಿದ್ದರೆ ಮಾತ್ರ ಒಂದನ್ನು ಎತ್ತಿ ಹಿಡಿದು 'ಇದೇನು?' ಎಂದು ಕೇಳಿ. ತಪ್ಪಿದರೆ 'ಅಲ್ಲ' ಎನ್ನದೆ ಅಲ್ಲಿಗೇ ಮುಗಿಸಿ, ನಾಳೆ ಮೊದಲಿನಿಂದ ತೋರಿಸಿ. ಬಹಳಷ್ಟು ಮನೆಗಳಲ್ಲಿ ಮೊದಲ ದಿನವೇ ಈ 'ಇದೇನು?' ಎಂಬ ಪ್ರಶ್ನೆ ಕೇಳಿ ಮಗುವನ್ನು ಹೆದರಿಸಿಬಿಡುತ್ತಾರೆ.

ತೀಡಿದ ಅಕ್ಷರವನ್ನು ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಬರೆಯಲಿ. ವಿಜಯದಶಮಿಗೆ ಅಕ್ಕಿಯ ಮೇಲೆ ಬರೆಸುವುದು ಸರಿ, ದಿನದ ಅಭ್ಯಾಸಕ್ಕೆ ಜರಡಿ ಹಿಡಿದ ಹೊಯ್ಗೆ ಅಥವಾ ಸಣ್ಣ ರವೆ ಮೇಲು. ತಟ್ಟೆಯಲ್ಲಿ ಅರ್ಧ ಸೆಂಟಿಮೀಟರಿಗಿಂತ ದಪ್ಪ ಹರಡಿದರೆ ಬದಿಯ ಹೊಯ್ಗೆ ಜಾರಿ ಗೆರೆ ಮುಚ್ಚಿಹೋಗುತ್ತದೆ. 1907ರಲ್ಲಿ ರೋಮಿನ ಸ್ಯಾನ್ ಲೊರೆಂಜೋದಲ್ಲಿ ಮಾರಿಯಾ ಮಾಂಟೆಸ್ಸರಿ ತೆರೆದ ಮೊದಲ ಮಕ್ಕಳ ಮನೆಯಲ್ಲಿ, ಹೀಗೆ ಅಕ್ಷರ ತೀಡುತ್ತಿದ್ದ ನಾಲ್ಕೈದು ವರ್ಷದ ಮಕ್ಕಳು ಯಾರೂ ಹೇಳದೆಯೇ ಸೀಮೆಸುಣ್ಣ ಹಿಡಿದು ಬರೆಯತೊಡಗಿದ್ದರು.

ಮಲಯಾಳದ ಚಿಂತೆ ಗಡಿನಾಡಿನ ಎಲ್ಲ ಮನೆಗಳದ್ದು. ಮಾತು ಎಷ್ಟು ಭಾಷೆಯದ್ದಾದರೂ ಒಟ್ಟಿಗೆ ಕಿವಿಗೆ ಬೀಳಲಿ, ತೊಂದರೆಯಿಲ್ಲ. ಶಾಲೆಯಲ್ಲಿ ಇಂಗ್ಲಿಷ್ ಇದೆಯೆಂದು ಮನೆಯ ತುಳುವನ್ನು ಬಿಡಲೇಬೇಡಿ. ಶಾಲೆಯ ಇಂಗ್ಲಿಷ್ ಅಕ್ಷರಕ್ಕೂ ಕನ್ನಡಕ್ಕೂ ಹೋಲಿಕೆ ಇಲ್ಲದ್ದರಿಂದ ಅದು ಅಷ್ಟಾಗಿ ತೊಡಕಲ್ಲ. ಕನ್ನಡ, ಮಲಯಾಳ ಲಿಪಿಗಳನ್ನು ಮಾತ್ರ ಒಂದೇ ಸಮಯಕ್ಕೆ ಕೊಡಬೇಡಿ. ಎರಡೂ ದುಂಡು, ಆದರೆ ಮಲಯಾಳಕ್ಕೆ ತಲೆಕಟ್ಟಿಲ್ಲ. 'ಕೆ' ಬರೆಯುವಾಗ ನಾವು ಎತ್ವವನ್ನು ಅಕ್ಷರದ ತಲೆಗೆ ಸೇರಿಸಿದರೆ ಅಲ್ಲಿ ಅದು ಅಕ್ಷರದ ಎಡಕ್ಕೆ, ಮೊದಲೇ ಬರುತ್ತದೆ. ಕನ್ನಡದ ಕಾಗುಣಿತ ಅವಳಿಗೆ ಸಲೀಸಾದ ಮೇಲೆ ಮಲಯಾಳದ ಅಕ್ಷರಕ್ಕೆ ಕೈ ಹಾಕಿ.