ಕಪ್ಪು-ಬಿಳುಪಿನಲ್ಲಿ ಕೆಂಪು ಗೋಡೆ

ಬಣ್ಣ ತೆಗೆದರೆ ‘ನಿಜ’ ಉಳಿಯುತ್ತದೆ ಅನ್ನೋದು ಬೀದಿ ಫೋಟೊಗ್ರಾಫರುಗಳ ಅಚ್ಚುಮೆಚ್ಚಿನ ಮಾತು. ನನಗಂತೂ ಕೇಳಿ ಸಾಕಾಗಿದೆ. ಯಾವ ಬಣ್ಣ ಎಷ್ಟು ಬೂದು ಆಗಬೇಕು ಅಂತ ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ.

ಬೆಂಗಳೂರಿನ ಅಠಾರಾ ಕಚೇರಿಯ ಕೆಂಪು ಗೋಡೆ ಮುಂದೆ ಕಡು ಹಸಿರು ಶರ್ಟಿನವರೊಬ್ಬರು ನಿಂತಿದ್ದಾರೆ ಅನ್ನಿ. ಸೊನ್ನೆಯಿಂದ 255ರವರೆಗಿನ ಡಿಜಿಟಲ್ ಅಳತೆಯಲ್ಲಿ ಗೋಡೆಯ ಕೆಂಪು 170, ಹಸಿರು 60, ನೀಲಿ 45. ಶರ್ಟಿನಲ್ಲಿ 40, 120, 60. ಹಳೆಯ ಟಿವಿ ಕಾಲದ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಕೆಂಪಿಗೆ ಶೇ. 30, ಹಸಿರಿಗೆ 59, ನೀಲಿಗೆ 11. ಕೂಡಿಸಿದರೆ ಗೋಡೆ 91, ಶರ್ಟು 89. ಶರ್ಟು ಗೋಡೆಯಲ್ಲಿ ಕರಗಿ, ತಲೆ ಮಾತ್ರ ತೇಲುತ್ತದೆ!

ಈ ಕಟ್ಟಡ ಮುಗಿದದ್ದು 1868ರಲ್ಲಿ. ಆಗ ಫಿಲ್ಮಿನ ಜಾಗದಲ್ಲಿದ್ದ ಗಾಜಿನ ಫೋಟೊ ಫಲಕಕ್ಕೆ ಕೆಂಪು ಕಾಣುತ್ತಲೇ ಇರಲಿಲ್ಲ. ಫಲಕದ ಮೇಲಿನ ಬೆಳ್ಳಿಯ ಲವಣದಿಂದ ಎಲೆಕ್ಟ್ರಾನ್ ಬಿಡಿಸಲು ಬೆಳಕಿನ ಒಂದೊಂದು ಕಣಕ್ಕೂ ಸಾಕಷ್ಟು ಕಸುವು ಬೇಕು. ನೀಲಿಯ ಕಣಕ್ಕೆ ಅದಿದೆ, ಕೆಂಪಿನದಕ್ಕಿಲ್ಲ. ಹಿಡಿ ಹಿಡಿ ಮರಳು ಎರಚಿದರೆ ಮಾವಿನಕಾಯಿ ಬೀಳುತ್ತದಾ? ಒಂದು ಕಲ್ಲು ಬೀಸಿ, ಬೀಳುತ್ತದೆ. ಕೆಂಪು ಬೆಳಕು ಎಷ್ಟೇ ಜಾಸ್ತಿ ಸುರಿದರೂ ಮರಳೇ. ಹಾಗಾಗಿ ಕೆಂಪು ಗೋಡೆ ಕಪ್ಪಗೆ, ನೀಲಿ ಆಕಾಶ ಬೆಳ್ಳಗೆ. ಹಣೆಯ ಕುಂಕುಮ ಇದ್ದಿಲಿನ ಚುಕ್ಕೆ. ನಮ್ಮ ಮೈಬಣ್ಣದಲ್ಲೂ ಕೆಂಪಿನ ಪಾಲು ಜಾಸ್ತಿ ಅಲ್ವಾ? ಅಂಥ ಫೋಟೊ ನೋಡಿ ‘ಆಗಿನವರು ನಮಗಿಂತ ಕಪ್ಪಗಿದ್ದರು’ ಅನ್ನೋದು ಸುಮ್ನೆ ಮಾತು.

1873ರಲ್ಲಿ ಬರ್ಲಿನ್‌ನ ರಸಾಯನ ವಿಜ್ಞಾನಿ ಹರ್ಮನ್ ಫೋಗೆಲ್‌ಗೆ ಒಂದು ವಿಚಿತ್ರ ಕಂಡಿತು. ಬೆಳಕು ಚದುರದಿರಲಿ ಅಂತ ಬಣ್ಣ ಬೆರೆಸಿದ್ದ ಫಲಕ ಹಸಿರನ್ನೂ ಗುರುತಿಸುತ್ತಿತ್ತು. ಬಣ್ಣದ ಅಣುವೇ ಬೆಳಕು ಹೀರಿ, ಎಲೆಕ್ಟ್ರಾನನ್ನು ಲವಣಕ್ಕೆ ದಾಟಿಸುತ್ತಿತ್ತು. ಕೆಂಪಿಗೂ ಒಗ್ಗುವ ಬಣ್ಣಗಳು ಆಮೇಲೆ ಸಿಕ್ಕವು. ಎಲ್ಲ ಬಣ್ಣ ಕಾಣುವ ‘ಪ್ಯಾಂಕ್ರೊಮ್ಯಾಟಿಕ್’ ಫಲಕ 1906ರಲ್ಲಿ ಅಂಗಡಿಗೆ ಬಂತು.

ಈಗ ಫೋಟೊ ತಿದ್ದುವ ಆ್ಯಪ್‌ನಲ್ಲಿ ಕೆಂಪು, ಹಸಿರು, ನೀಲಿಗೆ ಬೆರಳಲ್ಲಿ ತಳ್ಳಿ ಹೆಚ್ಚು-ಕಡಿಮೆ ಮಾಡುವ ಬೇರೆ ಬೇರೆ ಪಟ್ಟಿ ಇರುತ್ತವೆ. ಕೆಂಪಿನದನ್ನು ಮೇಲೆ ತಳ್ಳಿದರೆ ಗೋಡೆ ಬೆಳಗಿ ಶರ್ಟು ಎದ್ದು ಕಾಣುತ್ತದೆ. ಆದರೆ ಮುಖವೂ ಬೆಳಗುತ್ತದೆ. ತುಟಿ ಬಿಳಿಚುತ್ತದೆ, ಕೆನ್ನೆಯ ಕಲೆ ಮಾಯ. ಚರ್ಮದ ಒರಟುತನ ಬೇಕೆಂದರೆ ಹಸಿರನ್ನೇ ನೆಚ್ಚಬೇಕು, ಆಗ ಗೋಡೆ ಮತ್ತೆ ಕಪ್ಪು. ಎರಡೂ ಬೇಕು ಅನ್ನುವವರು ರಸ್ತೆ ದಾಟಿ ವಿಧಾನಸೌಧದ ಕಡೆ ನಡೆಯುವುದು ವಾಸಿ. ಅಲ್ಲಿ ಗ್ರಾನೈಟು ಮೊದಲೇ ಬೂದು.